ಅಗ್ಗದ ಮದ್ದಿಗೆ ಹೊಣೆಗಾರರು ಯಾರು?

ಮೈತೂಕವನ್ನಿಳಿಸುವ ಚುಚ್ಚುಮದ್ದುಗಳ ವಿಷಯದಲ್ಲಿ ಅಮೆರಿಕಾ ದೇಶದಲ್ಲಿ ಈಚಿನ ವರ್ಷಗಳಲ್ಲಿ ನಡೆದ ಸಂಗತಿಗಳು ಆ ದೇಶದವರಿಗೆ ಮಾತ್ರ ಸಂಬಂಧಪಟ್ಟವೆಂದು ನಮ್ಮ ವಾಚಕರು ಭಾವಿಸಲಾಗದು. ಅದೇ ಮದ್ದುಗಳು 2025ನೆಯ ಇಸವಿಯಲ್ಲಿ ನಮ್ಮ ದೇಶಕ್ಕೂ ಬಂದವು. ಮಾರ್ಚಿಯಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ. ವೆಗೋವಿಯ ಮೂಲದ್ರವ್ಯವಾದ ಸೆಮಾಗ್ಲುಟೈಡಿಗೆ ಭಾರತದಲ್ಲಿ ದೊರೆತ ಪೇಟೆಂಟು 2026ನೆಯ ಮಾರ್ಚಿಯವರೆಗಿನದು. ಆದುದರಿಂದ ಅಗ್ಗದ ಮದ್ದೆಂಬ ಮಾತು ನಮ್ಮ ಪೇಟೆಗಳಲ್ಲಿಯೂ ಕೇಳಿಬರುವುದು ಸಹಜ. ಅಗ್ಗವು ಎರಡು ಬಗೆಯದೆಂಬುದನ್ನು ಜನರು ಮುಂಚೆಯೇ ತಿಳಿದಿರುವುದು ಕ್ಷೇಮಕರ.

ಈ ಮದ್ದುಗಳ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಸ್ಥೂಲಕಾಯವನ್ನು ಹೊಟ್ಟೆಬಾಕತನವೆಂದು ಹಾಸ್ಯಮಾಡುವವರ ಪಕ್ಷ ನಮ್ಮದಲ್ಲ. ಅದು ಸಿಹಿಮೂತ್ರ, ಹೃದ್ರೋಗಗಳಿಗೆ ಬಾಗಿಲು ತೆರೆಯುವ ವ್ಯಾಧಿ. ಸೆಮಾಗ್ಲುಟೈಡನ್ನು ವಾರಕ್ಕೊಮ್ಮೆಯಂತೆ 68 ವಾರ ತೆಗೆದುಕೊಂಡವರ ತೂಕವು ಸರಾಸರಿ ನೂರಕ್ಕೆ ಸುಮಾರು 15ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿಯಿತು. ಅದನ್ನೂ ಮೌಂಜಾರೊದ ಮೂಲದ್ರವ್ಯವಾದ ತಿರ್ಜೆಪಟೈಡನ್ನೂ ಎದುರುಬದುರಾಗಿ ಒರೆಹಚ್ಚಿ 2025ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 72 ವಾರಗಳ ತರುವಾಯ, ಎರಡನೆಯದು ನೂರಕ್ಕೆ 20ರಷ್ಟನ್ನೂ ಮೊದಲನೆಯದು 14ಕ್ಕೆ ತುಸು ಕಡಮೆಯನ್ನೂ ಇಳಿಸಿದವು. ಇದು ಮದ್ದು ಮದ್ದುಗಳ ತಾರತಮ್ಯ. ಇದಕ್ಕಿಂತ ಮುಖ್ಯವಾದ ತಾರತಮ್ಯವು ಬೇರೆ ಇದೆ.

2021ರಲ್ಲಿ ವೆಗೋವಿ ಅಮೆರಿಕೆಯ ಪೇಟೆಗೆ ಬಂದಾಗ ತಿಂಗಳೊಂದಕ್ಕೆ ಅದರ ಬೆಲೆಯು 1,300 ಡಾಲರುಗಳಿಗೂ ಮಿಕ್ಕಿದ್ದಿತು. ಬೇಡಿಕೆ ಏರಿ ಸರಕು ಸಾಲದಾಯಿತು. ಅಭಾವವಿರುವಾಗ ಔಷಧಿಯಂಗಡಿಗಳು ಅಂಥ ಮದ್ದನ್ನು ತಾವೇ ಬೆರೆಸಿ ಕೊಡಬಹುದೆಂದು ಆ ದೇಶದ ಕಾನೂನಿನಲ್ಲಿ ಎಡೆಯುಂಟು. ಇದಕ್ಕೆ ಕಾಂಪೌಂಡಿಂಗ್ ಎಂದು ಹೆಸರು. ಈ ದಾರಿಯಿಂದ ಅಗ್ಗದ ಶೀಸೆಗಳು ಮನೆಮನೆಗೆ ಅಂಚೆಯಲ್ಲಿ ಬಂದಿಳಿದವು. ತಿರ್ಜೆಪಟೈಡಿನ ಅಭಾವವು 2024ರಲ್ಲಿಯೂ ಸೆಮಾಗ್ಲುಟೈಡಿನದು 2025ನೆಯ ಫೆಬ್ರವರಿಯಲ್ಲಿಯೂ ತೀರಿತೆಂದು ಅಲ್ಲಿನ ಔಷಧನಿಯಂತ್ರಣದ ಸಂಸ್ಥೆಯಾದ ಎಫ್.ಡಿ.ಎ. ಸಾರಿತು. ಆದರೂ ಬಿ-12 ಜೀವಸತ್ವವನ್ನೋ ಮತ್ತೊಂದನ್ನೋ ಕೂಡಿಸಿ, ಇದು ನಕಲಲ್ಲ, ಬೇರೆಯೇ ಮದ್ದು ಎಂದು ವ್ಯಾಪಾರವನ್ನು ಮುಂದುವರಿಸಿದವರುಂಟು.

ಬೆರೆಸಿಕೊಡುವುದೇ ಪಾಪವೆಂದು ನಾವು ಹೇಳುತ್ತಿಲ್ಲ. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಕಾಂಪೌಂಡರು ಬೆರೆಸಿದ ಮಿಕ್ಸ್ಚರನ್ನು ಕುಡಿದು ತಲೆಮಾರುಗಳೇ ಬಾಳಿವೆ. ಆದರೆ ಆತನ ಬಳಿಯಲ್ಲಿಯೇ ಡಾಕ್ಟರಿದ್ದರು. ಶೀಸೆಗೆ ಅಂಟಿಸಿದ ಕಾಗದದ ಪಟ್ಟಿಯ ಗೀಟುಗಳು ಒಂದು ಹೊತ್ತಿನ ಮದ್ದೆಷ್ಟೆಂಬುದನ್ನು ಓದುಬಾರದವನಿಗೂ ತೋರಿಸುತ್ತಿದ್ದವು. ತಪ್ಪಾದರೆ ಕೇಳಲು ಮಾರನೆಯ ದಿನ ಅದೇ ಬಾಗಿಲಿಗೆ ಹೋಗಬಹುದಾಗಿತ್ತು. ದೂರದ ಅಂಗಡಿಯಿಂದ ಅಂಚೆಯಲ್ಲಿ ಬಂದ ಶೀಸೆಗೆ ಈ ಬಾಗಿಲಿಲ್ಲ. ಅದರ ಶುದ್ಧಿಯನ್ನೂ ಸತ್ವವನ್ನೂ ಮಾರಾಟಕ್ಕೆ ಮುಂಚೆ ಎಫ್.ಡಿ.ಎ. ಪರೀಕ್ಷಿಸಿರುವುದಿಲ್ಲ. 2012ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ಮಿಶ್ರಣಶಾಲೆಯ ಚುಚ್ಚುಮದ್ದಿನಲ್ಲಿ ಬೂಷ್ಟು ಸೇರಿ 60ಕ್ಕೂ ಹೆಚ್ಚು ಜನರು ಮಡಿದುದನ್ನು ಲೋಕವು ಮರೆಯಬಾರದು.

ಅಳತೆಯ ತೊಡಕನ್ನು ನೋಡಿರಿ. ಕಾರ್ಖಾನೆಯ ಪೆನ್ನಿನಲ್ಲಿ ಪ್ರಮಾಣವು ಮೊದಲೇ ಗೊತ್ತಾಗಿರುತ್ತದೆ. ಬೆರೆಸಿದ ಶೀಸೆಯಿಂದಾದರೋ ರೋಗಿಯೇ ಇನ್ಸುಲಿನ್ ಸಿರಿಂಜಿನಲ್ಲಿ ಮದ್ದನ್ನೆಳೆದುಕೊಳ್ಳಬೇಕು. ಸಿರಿಂಜಿನ 100 ಯೂನಿಟ್ಟು ಒಂದು ಮಿಲಿಲೀಟರು. ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಶೀಸೆಯಿಂದ ಆರಂಭದ ಕಾಲು ಮಿಲಿಗ್ರಾಂ ಬೇಕಾದರೆ 5 ಯೂನಿಟ್ಟು. ಎರಡೂವರೆ ಮಿಲಿಗ್ರಾಂ ಇರುವ ಶೀಸೆಯಿಂದಾದರೆ 10 ಯೂನಿಟ್ಟು. ಐದನ್ನು ಐವತ್ತೆಂದು ತಿಳಿದವನ ಮೈಗೆ ಹತ್ತರಷ್ಟು ಮದ್ದು ಸೇರಿತು. ಕೆಲವರು ಹೀಗೆ 5ರಿಂದ 20 ಪಾಲಿನವರೆಗೆ ಹೆಚ್ಚು ಚುಚ್ಚಿಕೊಂಡರೆಂದೂ, ಆಸ್ಪತ್ರೆ ಸೇರಿದವರೂ ಇದ್ದಾರೆಂದೂ 2024ನೆಯ ಜುಲೈಯಲ್ಲಿ ಎಫ್.ಡಿ.ಎ. ಎಚ್ಚರಿಸಿತು. ಈ ಮದ್ದಿನ ಅರ್ಧವು ಮೈಯಿಂದ ಇಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ ಒಂದು ದಿನದ ತಪ್ಪಿಗೆ ಹಲವು ದಿನ ವಾಂತಿಯ ದಂಡ.

ಪ್ರಮಾಣವು ಸರಿಯಾಗಿದ್ದರೂ ಕೆಲಸ ಮುಗಿಯಲಿಲ್ಲ. ಮದ್ದನ್ನು ಬಿಟ್ಟವರಿಗೆ ವರ್ಷದೊಳಗೆ ಇಳಿದ ತೂಕದ ಮೂರರಲ್ಲೆರಡು ಪಾಲು ಮರಳಿತೆಂದು ಮೊದಲು ಹೇಳಿದ ಪರೀಕ್ಷೆಯ ಮುಂದುವರಿಕೆಯಿಂದ ಕಂಡುಬಂದಿದೆ. ಎಂದರೆ ಇದು ಮಂಡಲದ ಪಥ್ಯವಲ್ಲ, ವರ್ಷಗಟ್ಟಲೆಯ ವ್ರತ. ವಾಕರಿಕೆ, ಮಲಬದ್ಧತೆಗಳಿಗೆ ಪ್ರಮಾಣವನ್ನು ಮೆಲ್ಲಗೆ ಏರಿಸುವುದೂ ಸ್ವಲ್ಪಸ್ವಲ್ಪವಾಗಿ ಉಣ್ಣುವುದೂ ನೀರನ್ನು ಧಾರಾಳವಾಗಿ ಕುಡಿಯುವುದೂ ಉಪಾಯ. ಕೊಬ್ಬಿನೊಂದಿಗೆ ಮಾಂಸವೂ ಕರಗುವುದರಿಂದ ಬೇಳೆಕಾಳು, ಹಾಲು ಮೊಸರುಗಳ ಪುಷ್ಟಿಯೂ ಬಲ ಕೊಡುವ ವ್ಯಾಯಾಮವೂ ಬೇಕು. ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಮೇದೋಜೀರಕಾಂಗ ಉರಿಯಬಹುದು, ಬಿಡದ ಹೊಟ್ಟೆನೋವನ್ನು ಅಜೀರ್ಣವೆಂದು ಉಪೇಕ್ಷಿಸಕೂಡದು. ಅತಿ ವಿರಳವಾಗಿ ಕಣ್ಣಿನ ನರಕ್ಕೆ ಅಪಾಯವುಂಟೆಂದು 2025ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ಹೇಳಿದೆ. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆಯ ಡಾಕ್ಟರಿಗೆ ಈ ಮದ್ದಿನ ಸಂಗತಿಯನ್ನು ಮರೆಯದೆ ತಿಳಿಸಬೇಕು. ಬಸುರಾಗಬಯಸುವ ಸ್ತ್ರೀಯರು ಮುಂಚಿತವಾಗಿಯೇ ನಿಲ್ಲಿಸಬೇಕು. ಇಷ್ಟನ್ನೂ ವರ್ಷಾನುವರ್ಷ ನೋಡಿಕೊಳ್ಳತಕ್ಕವರು ಯಾರು? ಪ್ರಶ್ನೆಪಟ್ಟಿಯೊಂದನ್ನು ತುಂಬಿಸಿಕೊಂಡು ಶೀಸೆ ಕಳುಹಿಸಿದವರೇ?

ಇಲ್ಲಿಯೇ ಎರಡು ಬಗೆಯ ಅಗ್ಗದ ಅಂತರವಿರುವುದು. ಪೇಟೆಂಟು ತೀರಿದ ಮೇಲೆ ನಮ್ಮ ದೇಶದ ಕಾರ್ಖಾನೆಯೊಂದು ಸರ್ಕಾರದ ಪರೀಕ್ಷೆಗೊಳಪಟ್ಟು, ತನ್ನ ಹೆಸರು ಹಾಕಿ ತಯಾರಿಸುವ ಮದ್ದು ಅಗ್ಗವಾದರೂ ಹೊಣೆಯುಳ್ಳದ್ದು. ಅದು ಸ್ವದೇಶಿಗೆ ಭೂಷಣ. ಹೆಸರು, ಗುರುತು, ಪರೀಕ್ಷೆಗಳಿಲ್ಲದೆ ಕೈಯಿಂದ ಕೈಗೆ ದಾಟುವ ಶೀಸೆಯು ಅಗ್ಗದ ವೇಷದ ದುಬಾರಿ. ಬಡವನಿಗೆ ಒಳ್ಳೆಯ ಮದ್ದು ಎಟುಕದಂತೆ ಮಾಡಿ, ಆತ ಕೆಟ್ಟದ್ದನ್ನು ಕೊಂಡನೆಂದು ಗದರಿಸುವುದು ನ್ಯಾಯವಲ್ಲ.

ಆದುದರಿಂದ ಅಧಿಕಾರಿಗಳು ಮಾಡತಕ್ಕವು ಮೂರು. ಡಾಕ್ಟರ ಚೀಟಿಯಿಲ್ಲದ ಮಾರಾಟವನ್ನು ಕಟ್ಟುನಿಟ್ಟಾಗಿ ತಡೆಯಲಿ. ಪ್ರಮಾಣವನ್ನು ಒಂದೇ ಅಳತೆಯಲ್ಲಿ, ಕನ್ನಡದಲ್ಲಿಯೂ, ಶೀಸೆಯ ಮೇಲೆ ಬರೆಯಿಸಲಿ. ಮದ್ದಿನ ದುಷ್ಪರಿಣಾಮಗಳನ್ನು ದಾಖಲೆಮಾಡಲು 2010ರಲ್ಲಿ ಕೇಂದ್ರ ಸರ್ಕಾರದವರು ಆರಂಭಿಸಿದ ಏರ್ಪಾಡು ದೊಡ್ಡ ಆಸ್ಪತ್ರೆಗಳಲ್ಲಿಯೇ ನಿಲ್ಲದೆ ತಾಲ್ಲೂಕಿನ ಡಾಕ್ಟರಿಗೂ ಅಂಗಡಿಯವನಿಗೂ ನಿತ್ಯದ ರೂಢಿಯಾಗಲಿ. ವಾಚಕರು ಮಾಡತಕ್ಕದ್ದು ಒಂದೇ: ಬೆಲೆಯನ್ನು ಕೇಳುವ ಮುಂಚೆ, ನಾಳೆ ನೋವಾದರೆ ಯಾರ ಬಾಗಿಲನ್ನು ತಟ್ಟಬೇಕೆಂದು ಕೇಳಿರಿ. ಉತ್ತರ ಹೇಳಲಾರದವನ ಮದ್ದನ್ನು ಧರ್ಮಕ್ಕೆ ಕೊಟ್ಟರೂ ಮುಟ್ಟಬೇಡಿರಿ.