ಕ್ಲೋರಿನ್ನಿಗೆ ಬೈದು ಫ್ಲೋರೈಡ್ ಕುಡಿಯುವುದೇ?

ನಲ್ಲಿ ನೀರಿನ ಕ್ಲೋರಿನ್ ವಿಷ, ಮನೆಮನೆಗೂ ಕಾರ್ಬನ್ ಫಿಲ್ಟರ್ ಬೇಕು ಎಂದು ಬರೆದವರು ಕುಡುಮಲಕುಂಟೆ ಕಡೆಗೊಮ್ಮೆ ಬರಲಿ. ಗೌರಿಬಿದನೂರು, ಬಾಗೇಪಲ್ಲಿ ಸೀಮೆಯ ಆಳದ ಕೊಳವೆಬಾವಿಗಳ ಕಾಟ ಕ್ಲೋರಿನ್ ಅಲ್ಲ, ಫ್ಲೋರೈಡ್. ಅದಕ್ಕೆ ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಿಂದ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಮೂಳೆ, ಕೀಲು ಬಿಗಿಯುತ್ತವೆ. ಸಾಮಾನ್ಯ ಕಾರ್ಬನ್ ಫಿಲ್ಟರ್ ಅದನ್ನು ತಡೆಯದು, ಕುದಿಸಿದರೂ ಹೋಗದು. ಊರೂರಲ್ಲಿ ಆರ್‌ಒ ಘಟಕ ನಿಲ್ಲಿಸಿದ್ದು ಅದಕ್ಕೇ.

ಇನ್ನು ಕ್ಲೋರಿನ್. ಭಾರತೀಯ ಮಾನಕದ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಲೇಬೇಕು; ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ 5. ಒಡೆದ ಪೈಪಿಗೆ ಚರಂಡಿ ನೀರು ನುಗ್ಗಿದಾಗ ಕಾಯುವುದು ಈ ಚೂರೇ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಲೇಖಕರು ಮರೆತಂತಿದೆ. ಕ್ಲೋರಿನ್ ಸೋಸಿ ಕೊಡದಲ್ಲಿ ಎರಡು ದಿನ ಇಟ್ಟ ನೀರಿಗೆ ಕಾವಲೇ ಇಲ್ಲ.

ಘಾಟು ಸಹಿಸದವರು ಕುಡಿಯುವ ಮುನ್ನ ಕುದಿಸಿ ಆರಿಸಲಿ, ಖರ್ಚು ಕಡಿಮೆ. ಫಿಲ್ಟರ್ ಮಾರುವವರ ಪರ ವಕಾಲತ್ತಿಗಿಂತ, ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್, ಫ್ಲೋರೈಡ್ ಎರಡನ್ನೂ ಅಳೆದು ಗೋಡೆಯ ಮೇಲೆ ಬರೆಯಿರೆಂದು ಪಂಚಾಯಿತಿಯನ್ನು ಕೇಳುವುದು ಲೇಸು.