ಡೀಸೆಲ್ ಗಾಡಿಗೆ ಪೆಟ್ರೋಲ್: ತಪ್ಪು ಯಾರದು, ದಂಡ ಯಾರಿಗೆ?

ರೋಬಸ್ಟಾ ಕೊಯ್ಲು ಭರದಿಂದ ಸಾಗಿದೆ. ಅಡಿಕೆ ಬೇಯಿಸುವ ಕೆಲಸವೂ ಬಹುಪಾಲು ಮನೆಗಳಲ್ಲಿ ಮುಗಿಯುತ್ತ ಬಂದಿದೆ. ಈ ದಿನಗಳಲ್ಲಿ ನಮ್ಮ ಸದಸ್ಯರ ಗಾಡಿಗಳಿಗೆ ಬಿಡುವೆಂಬುದೇ ಇಲ್ಲ. ಚೆರಿ ಮೂಟೆ, ಗೊಬ್ಬರ, ಸೌದೆ, ಕೆಲಸದವರು ಎಲ್ಲಕ್ಕೂ ಅದೇ ಒಂದು ಪಿಕಪ್. ಅದು ಒಂದು ದಿನ ನಿಂತರೆ ಕಣದ ಕೆಲಸವೂ ನಿಂತಂತೆಯೇ. ಹೀಗಿರುವಾಗ ನಮ್ಮ ಕಚೇರಿಗೆ ಬಂದ ಒಂದು ದೂರಿನ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ದೂರು ತಂದವರು ನಮ್ಮ ಹಳೆಯ ಸದಸ್ಯರಲ್ಲೊಬ್ಬರು. ಅವರ ಪಿಕಪ್ ಮೂಟೆ ಹೇರಿಕೊಂಡು ಕ್ಯೂರಿಂಗ್ ವರ್ಕ್ಸಿಗೆ ಹೊರಟಿತ್ತು. ದಾರಿಯ ಬಂಕಿನಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ, ಹಗ್ಗ ಸಡಿಲವಾಗಿದ್ದ ತಾಡಪಾಲನ್ನು ಬಿಗಿ ಮಾಡಲು ಹಿಂದಕ್ಕೆ ಹೋದ. ಬಂಕಿನ ಹುಡುಗ ಕೆಲಸಕ್ಕೆ ಸೇರಿ ವಾರವಾಗಿತ್ತೋ ಏನೋ, ಪೆಟ್ರೋಲ್ ಹಾಕಿಬಿಟ್ಟ. ಹದಿನೈದು ಲೀಟರ್ ಹೋದ ಮೇಲೆ ಡ್ರೈವರಿಗೆ ವಾಸನೆಯಿಂದ ಗೊತ್ತಾಯಿತು. ಟ್ಯಾಂಕಿಯಲ್ಲಿ ಮೊದಲೇ ಅರ್ಧದಷ್ಟು ಡೀಸೆಲ್ ಇತ್ತು. ಮೇಲಿಂದ ಇನ್ನಷ್ಟು ಡೀಸೆಲ್ ಹಾಕಿಸಿದರೆ ಸರಿಹೋಗುತ್ತದೆಂದು ಅಲ್ಲಿದ್ದವರು ಯಾರೋ ಹೇಳಿದರು. ಅವನು ಹಾಗೆಯೇ ಮಾಡಿ ಗಾಡಿ ಸ್ಟಾರ್ಟ್ ಮಾಡಿದ. ಘಾಟಿ ಏರುವಾಗ ಇಂಜಿನ್ ಕಟಕಟ ಸದ್ದು ಮಾಡಿ, ಎಳೆಯುವ ಶಕ್ತಿ ಕಳೆದುಕೊಂಡು, ತಿರುವಿನಲ್ಲಿ ನಿಂತುಬಿಟ್ಟಿತು. ಮೂಟೆಗಳು ಒಂದು ರಾತ್ರಿ ರಸ್ತೆಯಲ್ಲಿ ಇಬ್ಬನಿ ಕುಡಿದವು. ಗ್ಯಾರೇಜಿನ ಬಿಲ್ಲು ಐದಂಕಿ ಮುಟ್ಟಿತು.

ಸದಸ್ಯರು ಆ ಹಣವನ್ನು ಡ್ರೈವರನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುವುದೆಂದು ತೀರ್ಮಾನಿಸಿದರು. ಡ್ರೈವರ್ ಮಾರನೆಯ ಬೆಳಿಗ್ಗೆ ಕೀಲಿಯನ್ನು ಜಗಲಿಯ ಮೇಲಿಟ್ಟು ಹೋದ. ಈಗ ಗಾಡಿಯೂ ಗ್ಯಾರೇಜಿನಲ್ಲಿ, ಡ್ರೈವರನೂ ಇಲ್ಲ. "ಇಂಥವರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ" ಎಂದು ಸದಸ್ಯರು ನಮ್ಮನ್ನು ಕೇಳಿದರು.

ಅವರ ನಷ್ಟಕ್ಕೆ ನಾವು ಮರುಗುತ್ತೇವೆ. ಆದರೆ ಅವರು ಕೇಳಿದಂತೆ ಬರೆಯಲು ನಮಗೆ ಮನಸ್ಸಿಲ್ಲ. ಕಾರಣ ಹೇಳುವ ಮೊದಲು ಆ ಟ್ಯಾಂಕಿಯೊಳಗೆ ಏನು ನಡೆಯಿತೆಂಬುದನ್ನು ನೋಡಬೇಕು.

ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಅದು ಚೆನ್ನಾಗಿ ಕಾದ ಕ್ಷಣದಲ್ಲಿ ಡೀಸೆಲ್ಲನ್ನು ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿನ ಗುಣ ಇದಕ್ಕೆ ತದ್ವಿರುದ್ಧ. ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳಬಾರದೆಂದೇ ಅದನ್ನು ತಯಾರಿಸಿರುತ್ತಾರೆ. ಆದ್ದರಿಂದಲೇ ಆ ಕಟಕಟ ಸದ್ದು. ಆದರೆ ನಿಜವಾದ ಹಾನಿ ಸದ್ದಿನದಲ್ಲ. ಒಂದು ಬೆರಳಿಗೆ ಡೀಸೆಲ್, ಇನ್ನೊಂದಕ್ಕೆ ಪೆಟ್ರೋಲ್ ಹಚ್ಚಿ ಉಜ್ಜಿ ನೋಡಿ. ಡೀಸೆಲ್ ಜಿಡ್ಡಾಗಿ ಉಳಿಯುತ್ತದೆ. ಪೆಟ್ರೋಲ್ ಆರಿ, ಚರ್ಮದ ಜಿಡ್ಡನ್ನೂ ತೆಗೆದುಕೊಂಡು ಹೋಗುತ್ತದೆ. ಇಂಧನ ಪಂಪಿನ ಒಳಭಾಗಗಳು ಈ ಜಿಡ್ಡನ್ನೇ ನಂಬಿಕೊಂಡು ಓಡುತ್ತವೆ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಸಣ್ಣ ಚೂರುಗಳು ಎದ್ದು ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಗಳಿಗೆ ಹೋಗಿ ಕೂರುತ್ತವೆ.

"ನಮ್ಮ ಕಾಲದ ಜೀಪಿಗೆ ಎರಡು ಲೀಟರ್ ಪೆಟ್ರೋಲ್ ಬಿದ್ದರೂ ಏನೂ ಆಗುತ್ತಿರಲಿಲ್ಲ" ಎನ್ನುವ ಹಿರಿಯ ಮೆಕ್ಯಾನಿಕ್‌ಗಳಿದ್ದಾರೆ. ಅವರ ಮಾತು ಸುಳ್ಳಲ್ಲ. ಹಳೆಯ ಸಾಲು ಪಂಪುಗಳು ಗಟ್ಟಿಮುಟ್ಟಾಗಿದ್ದವು. ಅವುಗಳ ಕೆಳಭಾಗಕ್ಕೆ ಇಂಜಿನ್ ಆಯಿಲಿನ ಆಸರೆಯೂ ಇತ್ತು. ಚಳಿ ದೇಶಗಳಲ್ಲಿ ಡೀಸೆಲ್ ಗಟ್ಟಿಯಾಗದಿರಲೆಂದು ಸ್ವಲ್ಪ ಪೆಟ್ರೋಲ್ ಬೆರೆಸುವ ರೂಢಿಯೂ ಒಂದು ಕಾಲದಲ್ಲಿತ್ತು. ಈಗಿನ ಗಾಡಿಗಳು ಬೇರೆ. ನಾವು ಅಡಿಕೆ ಮರಕ್ಕೆ ಬೋರ್ಡೋ ಹೊಡೆಯುವ ಪಂಪು ಮೂವತ್ತು ನಲವತ್ತು ಬಾರ್ ಒತ್ತಡ ಕೊಟ್ಟರೆ ಪೈಪು ಕೈಯಲ್ಲಿ ನಿಲ್ಲುವುದಿಲ್ಲ. ಕಾಮನ್ ರೈಲ್ ಎನ್ನುವ ಈಗಿನ ಡೀಸೆಲ್ ವ್ಯವಸ್ಥೆಯಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಷ್ಟು ಒತ್ತಡದಲ್ಲಿ ಓಡುವ ನಾಜೂಕು ಪಂಪಿಗೆ ಒಣ ಇಂಧನ ಕೊಟ್ಟರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ. 2020ರ ಏಪ್ರಿಲ್ ಒಂದರಿಂದ ದೇಶದಾದ್ಯಂತ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಮಾರಾಟವಾದ ಗಾಡಿ ನಿಮ್ಮ ಮನೆಯಲ್ಲಿದ್ದರೆ ಹಿರಿಯ ಮೆಕ್ಯಾನಿಕ್‌ನ ಮಾತನ್ನು ಗೌರವದಿಂದ ಕೇಳಿ, ಪಾಲಿಸಬೇಡಿ.

ಇನ್ನೊಂದು ತಪ್ಪು ತಿಳುವಳಿಕೆಯಿದೆ. ಪೆಟ್ರೋಲ್ ಹಗುರ, ಅದು ಮೇಲೆ ತೇಲುತ್ತದೆ, ಕೆಳಗಿನ ಡೀಸೆಲ್ಲಿನಲ್ಲಿ ಮನೆ ತಲುಪಬಹುದು ಎಂಬುದು. ನೀರು ಮತ್ತು ಡೀಸೆಲ್ ಹಾಗೆ ಬೇರೆಯಾಗುತ್ತವೆ ನಿಜ, ನೀರು ತಳ ಸೇರುತ್ತದೆ. ಪೆಟ್ರೋಲ್ ಮತ್ತು ಡೀಸೆಲ್ ಹಾಗಲ್ಲ, ಹಾಲಿಗೆ ನೀರು ಬೆರೆತಂತೆ ಒಂದಾಗಿಬಿಡುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತಪ್ಪು ಇಂಧನ ಬಿದ್ದ ಗಾಡಿಯನ್ನು ಸ್ಟಾರ್ಟ್ ಮಾಡದಿದ್ದರೆ ಕೆಲಸ ಸಣ್ಣದು. ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ತಳ್ಳಿ, ಟ್ಯಾಂಕಿ ಪೂರ್ತಿ ಬಸಿದು, ಶುದ್ಧ ಡೀಸೆಲ್ ಹಾಕಿದರೆ ಬಹುಮಟ್ಟಿಗೆ ಮುಗಿಯಿತು. ಅರ್ಧ ದಿನದ ಕೂಲಿ, ಹಾಳಾದ ಇಂಧನದ ಬೆಲೆ, ಅಷ್ಟೇ. ಕೀಲಿಯನ್ನು ಅರ್ಧ ತಿರುಗಿಸುವುದೂ ಬೇಡ. ಎಷ್ಟೋ ಗಾಡಿಗಳಲ್ಲಿ ಕೀಲಿ ತಿರುಗಿಸಿದೊಡನೆ ಟ್ಯಾಂಕಿಯೊಳಗಿನ ವಿದ್ಯುತ್ ಪಂಪು ಇಂಧನವನ್ನು ಮುಂದಕ್ಕೆ ತಳ್ಳಲಾರಂಭಿಸುತ್ತದೆ. ಸ್ಟಾರ್ಟ್ ಮಾಡಿ ಓಡಿಸಿದ ಮೇಲೆ ಮಾತ್ರ ಫಿಲ್ಟರ್, ಪೈಪು, ಪಂಪು, ಇಂಜೆಕ್ಟರ್ ಎಂದು ಬಿಲ್ಲು ಬೆಳೆಯುವುದು.

ಹಾಗಾದರೆ ಆ ಡ್ರೈವರ್ ಏಕೆ ಸ್ಟಾರ್ಟ್ ಮಾಡಿದ? ಅವನನ್ನು ನಾವು ಕರೆಸಿ ಕೇಳಿದೆವು. ಅವನ ಉತ್ತರ ಒಂದೇ ಸಾಲಿನದು: "ಅಯ್ಯಾ, ಫೋನ್ ಮಾಡಿದ್ರೆ ಬೈತಾರೆ ಅಂತ ಗೊತ್ತಿತ್ತು, ಹೆಂಗಾದ್ರೂ ಮೂಟೆ ಮುಟ್ಟಿಸಿದ್ರೆ ಸಾಕು ಅಂದ್ಕೊಂಡೆ."

ಬಂಕಿನಲ್ಲಿ ಆದ ತಪ್ಪಿನ ಬೆಲೆ ಒಂದೆರಡು ಸಾವಿರ. ಉಳಿದದ್ದೆಲ್ಲ ಹೆದರಿಕೆಯ ಬೆಲೆ. ಆ ಹೆದರಿಕೆಯನ್ನು ಅವನಲ್ಲಿ ಇಟ್ಟವರು ಯಾರು? ಸದಸ್ಯರು ಕೋಪಿಸಿಕೊಳ್ಳಬಾರದು, ಇದರಲ್ಲಿ ನಾವೂ ಹೊರಗಿನವರಲ್ಲ. ಎರಡು ವರ್ಷದ ಹಿಂದೆ ಕಾಫಿಗೆ ಹೂ ನೀರು ಹಾಯಿಸುವ ಸಮಯದಲ್ಲಿ ನಮ್ಮ ಶೆಡ್ಡಿನಲ್ಲಿ ಒಬ್ಬ ಹುಡುಗ ಕಳೆ ಕೊಚ್ಚುವ ಯಂತ್ರಕ್ಕೆಂದು ಆಯಿಲ್ ಬೆರೆಸಿಟ್ಟಿದ್ದ ಪೆಟ್ರೋಲನ್ನು ಸ್ಪ್ರಿಂಕ್ಲರಿನ ಡೀಸೆಲ್ ಇಂಜಿನ್ನಿಗೆ ಸುರಿದ. ತಾನೇ ಓಡಿ ಬಂದು ಹೇಳಿದ. ನಾವು ಹತ್ತು ಜನರೆದುರು ಅವನ ಮಾನ ಕಳೆದೆವು. ಅದೇ ಬೇಸಿಗೆಯಲ್ಲಿ ಆ ಇಂಜಿನ್ನಿನಲ್ಲಿ ಆಯಿಲ್ ಸೋರುತ್ತಿದ್ದುದನ್ನು ಅವನೂ ನೋಡಿದ್ದ, ಇನ್ನಿಬ್ಬರೂ ನೋಡಿದ್ದರು. ಯಾರೂ ಹೇಳಲಿಲ್ಲ. ಇಂಜಿನ್ ಹಿಡಿದುಕೊಂಡಿತು. ಆ ವರ್ಷ ಹೂ ನೀರು ತಪ್ಪಿದ ಬ್ಲಾಕು ಎಷ್ಟು ಕೊಟ್ಟಿತೆಂದು ಬರೆಯಲು ನಮಗೆ ಇಷ್ಟವಿಲ್ಲ. ಆ ಎರಡೂ ಕ್ಯಾನುಗಳು ಒಂದೇ ಬಣ್ಣದವು, ಒಂದೇ ಅಂಗಡಿಯಿಂದ ನಾವೇ ತಂದವು ಎಂಬುದು ಆಮೇಲೆ ಹೊಳೆಯಿತು.

ಆದ್ದರಿಂದ ನಮ್ಮ ಅಭಿಪ್ರಾಯವಿದು. ತಪ್ಪು ಇಂಧನ ಬಿದ್ದಾಗ ಕೀಲಿ ತಿರುಗಿಸದೆ ಕೂಡಲೇ ತಿಳಿಸಿದವನ ಸಂಬಳದಲ್ಲಿ ಒಂದು ರೂಪಾಯಿಯನ್ನೂ ಹಿಡಿಯಬಾರದು. ಇದನ್ನು ಗಾಡಿ ಕೊಡುವಾಗಲೇ, ಮನೆಯ ಮಗ ಓಡಿಸುವುದಾದರೆ ಅವನಿಗೂ, ಬಾಯಿಬಿಟ್ಟು ಹೇಳಿರಬೇಕು. ಮುಚ್ಚಿಟ್ಟು ಓಡಿಸಿದವನ ವಿಚಾರ ಬೇರೆ, ಆದರೆ ಹೇಳಿದವನಿಗೂ ಮುಚ್ಚಿಟ್ಟವನಿಗೂ ಒಂದೇ ಶಿಕ್ಷೆಯೆಂದಾದರೆ ಹೇಳುವವರು ಯಾರೂ ಉಳಿಯುವುದಿಲ್ಲ. ಹೀಗೆ ಮಾಡಿದರೆ ಉಡಾಫೆ ಬೆಳೆಯುತ್ತದೆ ಎಂದು ಕೆಲವರು ವಾದಿಸಬಹುದು. ಮಾಲೀಕರೇ ಪಕ್ಕದ ಸೀಟಿನಲ್ಲಿ ಕೂತು ಫೋನಿನಲ್ಲಿ ಕಾಳುಮೆಣಸಿನ ದರ ಕೇಳುತ್ತಿರುವಾಗ ಪೆಟ್ರೋಲ್ ಬಿದ್ದ ಪ್ರಸಂಗವೂ ನಮಗೆ ಗೊತ್ತಿದೆ. ಅಲ್ಲಿ ಯಾರ ಸಂಬಳ ಹಿಡಿಯುವುದು?

ಬಂಕಿನವರ ಹೊಣೆ ಇಲ್ಲವೆಂದಲ್ಲ. ಒಂದೇ ಮಾದರಿಯ ಸಣ್ಣ ಗಾಡಿ ಈಗ ಪೆಟ್ರೋಲ್, ಡೀಸೆಲ್, ಸಿ.ಎನ್.ಜಿ. ಎಂದು ಬೇರೆ ಬೇರೆ ಬಗೆಯಲ್ಲಿ ಬರುತ್ತದೆ. ಹೊರಗಿನಿಂದ ನೋಡಿದ ಹುಡುಗನಿಗೆ ಗೊತ್ತಾಗುವುದಿಲ್ಲ. ಪೆಟ್ರೋಲ್ ನಳಿಗೆ ಸಾಮಾನ್ಯವಾಗಿ ಸಣ್ಣದು, ಡೀಸೆಲ್ ಟ್ಯಾಂಕಿಯ ದೊಡ್ಡ ಬಾಯಿಗೆ ಸಲೀಸಾಗಿ ಇಳಿಯುತ್ತದೆ. ಹುಡುಗನನ್ನು ತಡೆಯುವುದಕ್ಕೆ ಅಲ್ಲಿ ಬಾಯಿಮಾತು ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ಇಳಿದು ನಿಂತು "ಡೀಸೆಲ್" ಎಂದು ಹೇಳಿ, ನಳಿಗೆಯನ್ನೂ ಮೀಟರನ್ನೂ ನೋಡಿ, ಬಿಲ್ಲು ಕೇಳಿ ಪಡೆಯಬೇಕು. ಬಿಲ್ಲಿನಲ್ಲಿ ಯಾವ ಇಂಧನವೆಂದು ಇರುತ್ತದೆ. ನಷ್ಟ ಕೊಡಿರೆಂದು ಬಂಕಿನವರನ್ನು ಕೇಳುವುದಕ್ಕೂ, ಮುಂದೆ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದಕ್ಕೂ ಅದೇ ಆಧಾರ. ನಮ್ಮ ಸದಸ್ಯರ ಬಳಿ ಬಿಲ್ಲಿರಲಿಲ್ಲ. ಕಂಪನಿಯ ವಾರಂಟಿ ತಪ್ಪು ಇಂಧನದ ಹಾನಿಗೆ ಅನ್ವಯಿಸುವುದಿಲ್ಲ. ಸಾಮಾನ್ಯ ವಿಮೆಯೂ ಯಂತ್ರ ಕೆಟ್ಟದ್ದನ್ನು ತುಂಬಿಕೊಡುವುದಿಲ್ಲ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ.

ಯೂರಿಯಾ ದ್ರಾವಣದ ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇವೆ. ಈಚಿನ ಹಲವು ಡೀಸೆಲ್ ಗಾಡಿಗಳಲ್ಲಿ, ಮುಖ್ಯವಾಗಿ ದೊಡ್ಡವುಗಳಲ್ಲಿ, ನೀಲಿ ಮುಚ್ಚಳದ ಎರಡನೆಯ ಟ್ಯಾಂಕಿ ಇರುತ್ತದೆ. ಹೊಗೆ ಶುದ್ಧಿಗಾಗಿ ಶೇಕಡಾ 32.5ರ ಯೂರಿಯಾ ದ್ರಾವಣ ಹಾಕುವ ಜಾಗ ಅದು. ಅದಕ್ಕೆ ಡೀಸೆಲ್ಲಾಗಲಿ, ಡೀಸೆಲ್ ಟ್ಯಾಂಕಿಗೆ ಆ ದ್ರಾವಣವಾಗಲಿ ಬಿದ್ದರೂ ಕೀಲಿ ಮುಟ್ಟಬಾರದು. ಮನೆಯಲ್ಲಿ ಮೂಟೆಗಟ್ಟಲೆ ಯೂರಿಯಾ ಇದೆಯಲ್ಲ, ನೀರಿಗೆ ಕದಡಿ ಹಾಕಿದರಾಯಿತು ಎಂದು ಒಬ್ಬರು ನಮ್ಮನ್ನು ಕೇಳಿದ್ದರು. ಬೇಡ. 2015ರಿಂದ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಅದು ತೋಟಕ್ಕೇ ಸರಿ.

ಬಸಿದು ತೆಗೆದ ಇಂಧನದ ಬಗ್ಗೆ ಮಾತ್ರ ಸದಸ್ಯರು ದಯವಿಟ್ಟು ಎಚ್ಚರ ವಹಿಸಬೇಕು. ಹದಿನೈದು ಇಪ್ಪತ್ತು ಲೀಟರ್ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಕ್ಯಾನಿಗೆ ತುಂಬಿ ಶೆಡ್ಡಿನ ಮೂಲೆಗಿಡುತ್ತೇವೆ. ಆರು ತಿಂಗಳ ಮೇಲೆ, ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಹಸಿ ಸೌದೆ ಹತ್ತದಿದ್ದಾಗ, ಮನೆಯವರೋ ಕೆಲಸದವರೋ ಅದನ್ನು ಡೀಸೆಲ್ ಎಂದೇ ತಿಳಿದು ಒಲೆಗೆ ಸುರಿಯುತ್ತಾರೆ. ಡೀಸೆಲ್ ನಿಧಾನಕ್ಕೆ ಹೊತ್ತಿಕೊಳ್ಳುವ ವಸ್ತು. ಪೆಟ್ರೋಲ್ ಬೆರೆತ ಡೀಸೆಲ್ಲಿನ ಆವಿ ಪೆಟ್ರೋಲಿನಂತೆಯೇ ಭುಗಿಲೆಂದು ಎದ್ದು ಸುರಿದವರ ಕೈಗೇ ಬರುತ್ತದೆ. ಇಂಜಿನ್ ಹಾಳಾದರೆ ಗ್ಯಾರೇಜಿದೆ. ಇಂಥ ಇಂಧನವನ್ನು ಬಸಿದ ದಿನವೇ ಗ್ಯಾರೇಜಿನವರ ವಶಕ್ಕೆ ಕೊಡಿ, ಮನೆಗೆ ತರಲೇಬೇಡಿ.

ಕ್ಯಾನುಗಳ ವಿಷಯದಲ್ಲಿ ನಮ್ಮ ಸಲಹೆ ಸರಳ. ಡೀಸೆಲ್ಲಿಗೆ ಒಂದು ಬಣ್ಣ, ಪೆಟ್ರೋಲಿಗೆ ಒಂದು, ಆಯಿಲ್ ಬೆರೆಸಿದ್ದಕ್ಕೆ ಇನ್ನೊಂದು. ಓದಲು ಬಾರದವರಿಗೂ ತಿಳಿಯುವಂತೆ ಇರಲಿ. ಗಾಡಿಯ ಟ್ಯಾಂಕಿ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಡೀಸೆಲ್ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ಬಂಕಿನ ಹುಡುಗರಲ್ಲಿ ಈಗ ಹೊರರಾಜ್ಯದವರೂ ಇದ್ದಾರೆ.

ದೂರು ತಂದ ಸದಸ್ಯರೊಡನೆ ಮತ್ತೊಮ್ಮೆ ಮಾತಾಡಿದ್ದೇವೆ. ಅವರು ನಮ್ಮ ಮಾತನ್ನು ಪೂರ್ತಿ ಒಪ್ಪಿಲ್ಲ. ಆದರೂ ಡ್ರೈವರನ ಬಾಕಿ ಸಂಬಳವನ್ನು ಪೂರ್ತಿ ಕೊಟ್ಟಿದ್ದಾರೆ. ಅವನು ವಾಪಸು ಬರುವನೋ ಇಲ್ಲವೋ ತಿಳಿಯದು. ಸಂಬಳ ಹಿಡಿಯದಿರುವ ಈ ನಿಯಮವನ್ನು ಮೊದಲು ಸಂಘದ ಲಾರಿಯ ಚಾಲಕರಿಗೇ ಅನ್ವಯಿಸಬೇಕೆಂದು ಮುಂದಿನ ಸಭೆಯಲ್ಲಿ ಕೇಳಲಿದ್ದೇವೆ. ಇಷ್ಟು ಬರೆದು ಹೊರಗೆ ಹೋಗಿ ನೋಡಿದೆವು: ಸಂಘದ ಲಾರಿಯ ಟ್ಯಾಂಕಿ ಮುಚ್ಚಳದ ಮೇಲೂ ಏನೂ ಬರೆದಿಲ್ಲ. ಬಣ್ಣ ತರಲು ಹೇಳಿ ಕಳಿಸಿದ್ದೇವೆ.