ಕಿರಣಗಳ ಭೇದವೂ ನಮ್ಮ ವಿದ್ಯಾರ್ಥಿನಿಯರೂ

ಪದಾರ್ಥವಿಜ್ಞಾನವು ಹುಡುಗರಿಗೆ ತಕ್ಕುದೇ ಹೊರತು ಹೆಣ್ಣುಮಕ್ಕಳಿಗೆ ಅದರಿಂದ ಪ್ರಯೋಜನವೇನೆಂದು ಕೇಳುವವರು ಇನ್ನೂ ಉಂಟು. ಅಂಥವರಿಗೆ ಉತ್ತರವಾಗಿ ನಾವು ಒಂದು ಸತ್ಯಸಂಗತಿಯನ್ನು ವಾಚಕರ ಮುಂದಿಡಬಯಸುತ್ತೇವೆ.

ಮೇಡಂ ಕ್ಯೂರಿಯವರೂ ಅವರ ಪತಿಯವರೂ 1898ನೆಯ ಇಸವಿಯಲ್ಲಿ ರೇಡಿಯಂ ಎಂಬ ಧಾತುವನ್ನು ಕಂಡುಹಿಡಿದರು. ಅದನ್ನು ಬೆರೆಸಿದ, ಕತ್ತಲೆಯಲ್ಲಿ ಹೊಳೆಯುವ ಬಣ್ಣವನ್ನು ಗಡಿಯಾರದ ಅಂಕಿಗಳಿಗೆ ಬಳಿಯುವ ಕೆಲಸವು 1917ರಲ್ಲಿ ಅಮೇರಿಕಾ ದೇಶದ ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಪಟ್ಟಣದಲ್ಲಿ ಮೊದಲಾಯಿತು. ಬಳಿಯುವವರು ಹೆಚ್ಚಾಗಿ ಎಳೆಯ ಪ್ರಾಯದ ಹೆಣ್ಣುಮಕ್ಕಳು. ಕುಂಚದ ತುದಿಯನ್ನು ತುಟಿಗಳ ನಡುವೆ ಹಿಡಿದು ಚೂಪು ಮಾಡುವಂತೆ ಅವರಿಗೆ ಕಲಿಸಲಾಯಿತು; ಹಾನಿಯಿಲ್ಲವೆಂಬ ಭರವಸೆಯನ್ನೂ ಕೊಡಲಾಯಿತು. ಅಲ್ಲಿಯ ರಸಾಯನಜ್ಞರು ಮಾತ್ರ ಸೀಸದ ಮರೆಯನ್ನಿಟ್ಟುಕೊಂಡು ಕೆಲಸ ಮಾಡುತ್ತಿದ್ದರು.

ಆ ಭರವಸೆ ಎಷ್ಟು ಪೊಳ್ಳೆಂಬುದನ್ನು ತಿಳಿಯಬೇಕಾದರೆ ಕಿರಣಗಳ ಭೇದವನ್ನರಿಯಬೇಕು. ರೇಡಿಯಮ್ಮಿನಿಂದಲೂ ಅದು ಕ್ಷಯಿಸಿ ಹುಟ್ಟುವ ಧಾತುಗಳಿಂದಲೂ ಮೂರು ಬಗೆಯ ಕಿರಣಗಳು ಹೊರಡುತ್ತವೆ. ಗಾಮಾ ಕಿರಣವು ಬೆಳಕಿನ ಜಾತಿಯದು. ದೇಹವನ್ನೇ ತೂರಿಹೋಗಬಲ್ಲ ಅದನ್ನು ತಡೆಯಲು ದಪ್ಪನಾದ ಸೀಸ ಬೇಕು. ಬೀಟಾ ಕಿರಣವು ವೇಗವಾಗಿ ಓಡುವ ಎಲೆಕ್ಟ್ರಾನು; ಅದಕ್ಕೆ ಕೆಲವು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡು ಸಾಕು. ಆಲ್ಫಾ ಕಿರಣವಾದರೋ ಹೀಲಿಯಂ ಪರಮಾಣುವಿನ ಬೀಜ. ಒಂದು ಹಾಳೆ ಕಾಗದವನ್ನೂ ದಾಟಲಾರದು. ಹೊರಗಿರುವವರೆಗೆ ಅದರಿಂದ ಭಯ ಕಡಿಮೆ. ಒಳಹೊಕ್ಕರೆ ಮಾತ್ರ ಅದೇ ಅತಿ ಕ್ರೂರವು. ದೂರ ಹೋಗಲಾರದ್ದರಿಂದಲೇ ಅದು ತನ್ನ ಶಕ್ತಿಯನ್ನೆಲ್ಲಾ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನೊಳಗೆ ಸುರಿದು, ಅಲ್ಲಿಯ ಪರಮಾಣುಗಳಿಂದ ಲಕ್ಷಕ್ಕೂ ಮೇಲ್ಪಟ್ಟು ಎಲೆಕ್ಟ್ರಾನುಗಳನ್ನು ಕಿತ್ತು, ಜೀವಕೋಶಗಳನ್ನು ಕೆಡಿಸುತ್ತದೆ. ರೇಡಿಯಂ ಗುಣದಲ್ಲಿ ಕ್ಯಾಲ್ಸಿಯಮ್ಮನ್ನು ಹೋಲುವುದರಿಂದ ದೇಹವು ಅದನ್ನು ಎಲುಬಿನಲ್ಲಿ ಕೂಡಿಡುತ್ತದೆ; ಅದರ ಅರ್ಧಭಾಗ ಕ್ಷಯಿಸಲು ಸುಮಾರು 1600 ವರ್ಷ ಬೇಕು.

ಆ ತರುಣಿಯರ ದವಡೆಗಳು ಕೊಳೆತುವು, ಅನೇಕರು ಮೃತರಾದರು. ಗ್ರೇಸ್ ಫ್ರೈಯರ್ ಎಂಬಾಕೆಯೂ ಇನ್ನು ನಾಲ್ವರೂ 1927ರಲ್ಲಿ ದಾವೆ ಹೂಡಿ, ಮರುವರ್ಷ ರಾಜಿಯ ಮೂಲಕ ಪರಿಹಾರ ಪಡೆದರು.

ಇದರಿಂದ ಕಿರಣವೆಂದೊಡನೆ ಬೆದರಬೇಕೆಂದು ನಾವು ಹೇಳುವುದಿಲ್ಲ. ರೇಡಿಯೋ ಅಲೆಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಬಲವಿಲ್ಲ. ಎಕ್ಸ್ ಕಿರಣಕ್ಕೆ ಆ ಬಲವಿದ್ದರೂ ಮಿತವನ್ನರಿತ ವೈದ್ಯರ ಕೈಯಲ್ಲಿ ಅದು ಮಹೋಪಕಾರಿ. ಯಾವ ಕಿರಣ, ಎಷ್ಟು, ದೇಹದ ಹೊರಗೋ ಒಳಗೋ ಎಂದು ವಿಚಾರಿಸಿದ ಮೇಲೆಯೇ ಭಯವನ್ನಾಗಲಿ ಧೈರ್ಯವನ್ನಾಗಲಿ ತಾಳತಕ್ಕದ್ದು.

ನಮ್ಮ ವಿದ್ಯಾರ್ಥಿನಿಯರು ಮುಂದೆ ದಾದಿಯರೋ, ಉಪಾಧ್ಯಾಯಿನಿಯರೋ, ಕಾರ್ಖಾನೆಯ ಕೆಲಸದವರೋ, ತಾಯಂದಿರೋ ಆಗುವರು. ಎಲ್ಲಿದ್ದರೂ ಯಾರಾದರೊಬ್ಬರು ಅವರಿಗೆ ‘ಇದರಿಂದ ಹಾನಿಯಿಲ್ಲ’ ಎಂದು ಹೇಳುವ ದಿನ ಬಂದೇ ಬರುವುದು. ಆಗ ಕಾರಣವನ್ನು ಕೇಳಲೂ, ಕೊಟ್ಟ ಉತ್ತರವನ್ನು ತೂಗಿ ನೋಡಲೂ ಬೇಕಾದ ಜ್ಞಾನವನ್ನು ಅವರಿಗೆ ಒದಗಿಸುವುದು ಪಾಠಶಾಲೆಯ ಕರ್ತವ್ಯವೆಂದು ನಾವು ದೃಢವಾಗಿ ನಂಬುತ್ತೇವೆ.